ಮಿಸ್ತ್ರಿಯ ಹೆಸರಿಲ್ಲದ ರ‍್ಯಾಲಿ

"ಹಳೇ ಕಾರು ಸಾಕೋದು ದುಡ್ಡಿದ್ದವರ ಷೋಕಿ ಬಿಡ್ರಿ, ನಮಗೂ ಅದಕ್ಕೂ ಏನ್ ಸಂಬಂಧ?" ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯ ಯಾವ ಚಹಾದಂಗಡಿಯಲ್ಲಿ ಮಾತು ತೆಗೆದರೂ ಸಿಗುವ ಉತ್ತರ ಇದು. ನಮ್ಮ ಸಲಗರದ ಕಟ್ಟೆಯ ಮೇಲೂ ಇದೇ ಮಾತು. ದೊಡ್ಡ ನಗರಗಳ ವಿಂಟೇಜ್ ಕಾರ್ ಕ್ಲಬ್‌ಗಳಲ್ಲಿ ಮುಂದಾಳುಗಳಾದ ಅನೇಕರು ನಂಬಿರುವುದೂ ಇದನ್ನೇ. ನಮ್ಮವರು ಇದನ್ನು ಬೇಸರದಿಂದ ಹೇಳುತ್ತಾರೆ, ಅವರು ಹೆಮ್ಮೆಯಿಂದ ಹೇಳುತ್ತಾರೆ. ಅರಸರ ಮನೆಯ ರೋಲ್ಸ್‌ರಾಯ್ಸ್, ನವಾಬರ ಬೇಟೆಗಾಡಿ, ಬ್ರಿಟಿಷ್ ಸಾಹೇಬರ ಆಸ್ಟಿನ್ ಇವೆಲ್ಲ ಪರಂಪರೆ, ಮಿಕ್ಕದ್ದೆಲ್ಲ ಗುಜರಿ. ಈ ಒಂದು ಮಾತಿನಲ್ಲಿ ಬಂಗಲೆಯೂ ಕಟ್ಟೆಯೂ ಒಂದಾಗಿವೆ. ಇಬ್ಬರೂ ತಪ್ಪು ಹೇಳುತ್ತಿದ್ದಾರೆ. ಈ ತಪ್ಪಿನಿಂದ ನಮ್ಮ ಕಣ್ಣೆದುರಿಗೇ ಒಂದು ಇಡೀ ಕಾಲದ ಯಂತ್ರಗಳು, ಅವನ್ನು ಬಲ್ಲ ಕೈಗಳು ಇಲ್ಲವಾಗುತ್ತಿವೆ.

ಈ ನಂಬಿಕೆ ಎಷ್ಟು ಟೊಳ್ಳು ಎಂಬುದಕ್ಕೆ ಸೊಲ್ಲಾಪುರವೇ ಸಾಕ್ಷಿ. ಈ ದೇಶದಲ್ಲಿ ಕಾರಿನ ಕಾರ್ಖಾನೆ ಆಗಲೇಬೇಕೆಂದು ಹಟ ಹಿಡಿದ ವಾಲಚಂದ ಹಿರಾಚಂದ ದೋಶಿಯವರು ಹುಟ್ಟಿದ್ದು 1882ರ ನವೆಂಬರ್ 23ರಂದು, ಇದೇ ಸೊಲ್ಲಾಪುರದಲ್ಲಿ. ಅವರದು ಅರಸು ಮನೆತನವಲ್ಲ, ವ್ಯಾಪಾರಿ ಜೈನ ಕುಟುಂಬ. ಮೊದಲು ಕೈ ಹಾಕಿದ ಕೆಲಸಗಳಲ್ಲಿ ಒಂದು ನಮ್ಮದೇ ಜಿಲ್ಲೆಯ ಬಾರ್ಶಿ ಲೈಟ್ ರೈಲ್ವೆಯ ಗುತ್ತಿಗೆ. ಆಮೇಲೆ ಹಡಗು, ಸಕ್ಕರೆ, ವಿಮಾನ. 1940ರಲ್ಲಿ ಅವರು ಕಾರು ತಯಾರಿಕೆಗೆಂದು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಅದಕ್ಕೂ ಕೆಲವು ವರ್ಷ ಮೊದಲೇ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ತಿರುಗಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆಯನ್ನು ರೂಪಿಸಿದ್ದರು. ಮೈಸೂರು ಸಂಸ್ಥಾನವೂ ಈ ಸಾಹಸದಲ್ಲಿ ಪಾಲು ಹಾಕಲು ಮುಂದೆ ಬಂದಿತ್ತು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ವಾಲಚಂದರ ವಿಮಾನದ ಕಾರ್ಖಾನೆ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಆಗಿ ನಿಂತಿತು. ಕಾರಿನ ಕಾರ್ಖಾನೆ ಕನ್ನಡ ನಾಡಿನ ಕೈ ತಪ್ಪಿತು. 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈನ ಕುರ್ಲಾದಲ್ಲಿ ನೆಲೆಯೂರಿ ಡಾಡ್ಜ್, ಪ್ಲೈಮೌತ್, ಡಿಸೊಟೊ ವಾಹನಗಳನ್ನು ಜೋಡಿಸತೊಡಗಿತು. 1950ರ ದಶಕದಲ್ಲಿ ಫಿಯೆಟ್ ಬಂತು, ಮೊದಲು ಪುಟ್ಟ 500, ಆಮೇಲೆ 1100. ಆ 1100ರ ವಂಶದ ಕಾರಿಗೇ 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು.

ಸೊಲ್ಲಾಪುರದಲ್ಲಿ ವಾಲಚಂದರ ಹೆಸರಿನ ಕಾಲೇಜುಗಳಿವೆ. ಆದರೆ ಅವರ ಕಾರ್ಖಾನೆಯಿಂದ ಬಂದ ಪದ್ಮಿನಿ ಅದೇ ಊರಿನ ಗುಜರಿ ಅಂಗಡಿಯ ಹಿಂದೆ ಟಯರಿಲ್ಲದೆ ಕೂತಿದ್ದರೆ ಯಾರಿಗೂ ಏನೂ ಅನಿಸುವುದಿಲ್ಲ. 1089 ಸಿಸಿಯ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದಿನ ಸೀಟಿನಲ್ಲಿ ಮೂವರು ಕೂರುವಷ್ಟು ಜಾಗ. ಡಾಕ್ಟರರು, ಗಿರಣಿಯ ಮ್ಯಾನೇಜರರು, ವಕೀಲರು ಮೊದಲ ಬಾರಿಗೆ ಸ್ವಂತ ಕಾರು ಎಂದು ಕೊಂಡದ್ದು ಇದನ್ನು. ಮುಂಬೈಯಲ್ಲಿ ಇದು ದಶಕಗಳ ಕಾಲ ಟ್ಯಾಕ್ಸಿಯಾಗಿ ಓಡಿ, 2023ರ ಅಕ್ಟೋಬರ್ ಕೊನೆಯಲ್ಲಿ ಕಟ್ಟಕಡೆಯ ಕಪ್ಪು–ಹಳದಿ ಪದ್ಮಿನಿ ರಸ್ತೆ ಬಿಟ್ಟಾಗ ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ಮುಂಬೈ ಅತ್ತಿತು. ವಾಲಚಂದರ ತವರಿನಲ್ಲಿ ಒಂದು ಸಭೆಯಾದರೂ ಆಯಿತೇ? ಪದ್ಮಿನಿ ಎಂಬ ಹೆಸರು ಹೊತ್ತು ಹೊರಬಂದ ಮೊದಲ ಕಾರುಗಳಿಗೆ ಈಗ 50 ತುಂಬಿದೆ. ಕಾನೂನಿನ ಲೆಕ್ಕದಲ್ಲೂ ಅವು ವಿಂಟೇಜ್ ವಯಸ್ಸಿಗೆ ಬಂದಿವೆ. ಅರಮನೆಯ ಕಾರು ಮಾತ್ರ ಪರಂಪರೆ ಎನ್ನುವವರು ಈ ಕಾರಿಗೆ ಏನೆನ್ನುತ್ತಾರೆ?

ಹಳ್ಳಿಗೆ ಬನ್ನಿ. ಅಕ್ಕಲಕೋಟ ತಾಲೂಕಿನ ಕನ್ನಡ ಊರುಗಳಲ್ಲಿ, ಮೈಂದರ್ಗಿ, ದುಧನಿ, ವಾಗ್ದರಿ, ಸಲಗರಗಳಲ್ಲಿ ಕಾರು ಬರುವ ಮೊದಲು ಬಂದದ್ದು ಜೀಪು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. 1972ರ ಬರದಲ್ಲಿ ಪರಿಹಾರ ಕಾಮಗಾರಿ ನೋಡಲು ಬಂದ ಅಧಿಕಾರಿಗಳ ಬೆನ್ನಿಗೆ ಈ ಜೀಪು ಕಪ್ಪು ಮಣ್ಣಿನ ದಾರಿಗಳಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಸರ್ಕಾರ ಹರಾಜು ಹಾಕಿದ ಜೀಪುಗಳನ್ನು ನಮ್ಮವರು ಕೊಂಡು ವಡಾಪ್, ಅಂದರೆ ತಲೆಗಿಷ್ಟೆಂದು ಬಾಡಿಗೆ ಪಡೆಯುವ ಗಾಡಿ, ಮಾಡಿದರು. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಯಾತ್ರಿಕರು ಅಕ್ಕಲಕೋಟದಿಂದ ಗಾಣಗಾಪುರಕ್ಕೆ, ತುಳಜಾಪುರಕ್ಕೆ, ಪಂಢರಪುರಕ್ಕೆ ಹೋದದ್ದು ಇವುಗಳಲ್ಲಿ, ಆಮೇಲೆ ಟ್ರ್ಯಾಕ್ಸ್‌ಗಳಲ್ಲಿ, ಮೆಟಡೋರ್‌ಗಳಲ್ಲಿ. ಹೆರಿಗೆಯ ಹೆಂಗಸನ್ನು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಒಯ್ದದ್ದು, ತೊಗರಿ ಚೀಲವನ್ನು ಅಡತಿ ಅಂಗಡಿಗೆ ಮುಟ್ಟಿಸಿದ್ದು, ಮದುವೆ ದಿಬ್ಬಣ ಹೊರಟದ್ದು ಎಲ್ಲ ಅದರಲ್ಲೇ. ಬಸ್ಸು ಬಾರದ ಊರಿಗೆ ಲೋಕವನ್ನು ತಂದು ಜೋಡಿಸಿದ್ದು ಈ ವಾಹನ. ಒಬ್ಬ ಮಹಾರಾಜನನ್ನು ಬೇಟೆಗೆ ಕರೆದೊಯ್ದ ಕಾರಿಗಿಂತ ಇದರ ಚರಿತ್ರೆ ಹಗುರ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಎರಡು ಚಕ್ರದ ಮಾತೂ ಇದೇ. ಮೈಸೂರಿನಲ್ಲಿ ರುಸ್ತುಂ ಮತ್ತು ಫರೋಖ್ ಇರಾನಿಯವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನು, 1973ರಿಂದ ಯೆಜ್ಡಿಗಳನ್ನು ಮಾಡಿತು. 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಮುಚ್ಚಿದ ಮೇಲೂ ಆ ಗಾಡಿಗಳು ಸತ್ತಿಲ್ಲ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಪ್ರತಿ ಜುಲೈಯಲ್ಲಿ ಜಾವಾ ದಿನ ಎಂದು ನೂರಾರು ಜನ ತಮ್ಮ ಗಾಡಿ ತಂದು ಸೇರುತ್ತಾರೆ. ಅಲ್ಲಿ ಬರುವವರಲ್ಲಿ ಗುಮಾಸ್ತರಿದ್ದಾರೆ, ಮೇಷ್ಟ್ರಿದ್ದಾರೆ, ಗ್ಯಾರೇಜಿನ ಹುಡುಗರಿದ್ದಾರೆ. ಹಳೆ ವಾಹನದ ಪ್ರೀತಿಗೆ ಸಿರಿವಂತಿಕೆ ಬೇಕಿಲ್ಲ ಎಂಬುದನ್ನು ತೋರಿಸಿಕೊಡಲು ಈ ಒಂದು ದಿನ ಸಾಕು. ಷೋಕಿ ಎಂದು ಹಳಿಯುವವರು ಆ ದಿನ ಅಲ್ಲಿಗೆ ಹೋಗಿ ನಿಂತು ನೋಡಲಿ.

ಈಗ ಕಾನೂನಿಗೆ ಬರುತ್ತೇನೆ, ಏಕೆಂದರೆ ಈ ಅರಮನೆಯ ನಂಬಿಕೆ ಅಲ್ಲಿಯೂ ಹೊಕ್ಕಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ಕೊಟ್ಟಿತು. ಅದು ಒಳ್ಳೆಯ ಹೆಜ್ಜೆ, ಅದಕ್ಕಾಗಿ ಹೋರಾಡಿದ ಕ್ಲಬ್‌ಗಳಿಗೆ ನಮಸ್ಕಾರ. 50 ವರ್ಷ ದಾಟಿದ ವಾಹನಕ್ಕೆ 'ವಿಎ' ಅಕ್ಷರಗಳಿರುವ ಫಲಕ, 10 ವರ್ಷದ ನೋಂದಣಿ, ಶುಲ್ಕ ₹20,000, ಮರುನೋಂದಣಿಗೆ ₹5,000. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಇಂಧನ ತುಂಬಿಸುವಿಕೆಗೆ ಮಾತ್ರ ರಸ್ತೆಗಿಳಿಸಬಹುದು. ಆದರೆ ಯಾವ ವಾಹನಗಳಿಗೆ? ದ್ವಿಚಕ್ರಗಳಿಗೆ ಮತ್ತು ಪ್ರಯಾಣಿಕರ ನಾಲ್ಕು ಚಕ್ರದ ವಾಹನಗಳಿಗೆ. ಲಾರಿ ಅದರಲ್ಲಿಲ್ಲ, ಟ್ರ್ಯಾಕ್ಟರ್ ಇಲ್ಲ. ಈ ದೇಶದ ಹೊಲ ಉತ್ತ, ಸರಕು ಹೊತ್ತ ಯಂತ್ರಗಳಿಗೆ 50 ಆದರೂ 60 ಆದರೂ ಆ ಫಲಕದ ಗೌರವವಿಲ್ಲ. ಸವಾರಿ ಮಾಡಿದ್ದು ಪರಂಪರೆ, ದುಡಿದದ್ದು ಗುಜರಿ ಎಂಬ ಭಾವನೆಗೆ ಇದು ಸರ್ಕಾರದ ಮುದ್ರೆ.

ಇನ್ನೊಂದು ಷರತ್ತು ಇನ್ನೂ ಬಿಗಿ. ವಾಹನ ತನ್ನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಕೇಳಲು ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ನಮ್ಮ ಭಾಗದ ಹಳೆ ಜೀಪಿನ ಬಾನೆಟ್ ಎತ್ತಿ ನೋಡಿ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದಾಗ ಪೆಟ್ರೋಲ್ ಜೀಪು ಇಟ್ಟುಕೊಂಡವನು ಬದುಕುವಂತಿರಲಿಲ್ಲ. ಮಿಸ್ತ್ರಿಯ, ಅಂದರೆ ಗ್ಯಾರೇಜಿನ ಮೆಕ್ಯಾನಿಕ್ಕಿನ, ಹತ್ತಿರ ಹೋಗಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ. ಅಂಬಾಸಡರ್ ಟ್ಯಾಕ್ಸಿಗೆ ಮೆಟಡೋರ್ ಎಂಜಿನ್ ಕೂರಿಸಿದವರೂ ಇದ್ದರು. ಎಂಜಿನ್ ಕೂರುವ ಮೌಂಟಿಂಗನ್ನು ಅಳತೆ ಪಟ್ಟಿ ಹಿಡಿದು ಕತ್ತರಿಸಿ ಬೆಸೆಯುವುದು, ಗೇರ್‌ಬಾಕ್ಸಿಗೆ ಅದನ್ನು ಜೋಡಿಸಲು ಲೇತ್ ಮೇಲೆ ಪ್ಲೇಟು ತಿರುಗಿಸುವುದು, ಭಾರ ಹೆಚ್ಚಿದ್ದಕ್ಕೆ ಮುಂದಿನ ಕಮಾನ್ ಪಾಟಾ (ಸ್ಪ್ರಿಂಗ್ ಪಟ್ಟಿ) ಒಂದು ಹೆಚ್ಚಿಗೆ ಹಾಕುವುದು, ರೇಡಿಯೇಟರ್ ಮುಂದಕ್ಕೆ ಸರಿಸುವುದು. ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲದ ಈ ಇಂಜಿನಿಯರಿಂಗನ್ನು ಕಾಲೇಜಿನ ಮುಖ ನೋಡದವರು ಮಾಡಿದರು. ಅದು ತಪ್ಪಾಗಿದ್ದರೆ ಆ ಗಾಡಿ ಮತ್ತೆ ಇಪ್ಪತ್ತು ವರ್ಷ ಘಾಟಿ ಹತ್ತುತ್ತಿರಲಿಲ್ಲ.

ಇದನ್ನು ಕ್ಲಬ್ಬಿನ ತೀರ್ಪುಗಾರರು 'ಒರಿಜಿನಲ್ ಅಲ್ಲ' ಎಂದು ಪಕ್ಕಕ್ಕೆ ಸರಿಸುತ್ತಾರೆ. ಜಗತ್ತಿನ ಹಳೆ ವಾಹನ ಕ್ಲಬ್‌ಗಳ ಒಕ್ಕೂಟ ಫೀವಾ. ಅದು 2013ರಲ್ಲಿ ಜಾರಿಗೆ ತಂದ ಟ್ಯೂರಿನ್ ಸನ್ನದು ಹಾಗೆ ಹೇಳುವುದಿಲ್ಲ. ವಾಹನ ಸಾಮಾನ್ಯ ಬಳಕೆಯಲ್ಲಿದ್ದ ಕಾಲದಲ್ಲಿ ಆದ ಬದಲಾವಣೆಗಳು ಅದರ ಚರಿತ್ರೆಯ ಸಾಕ್ಷಿಗಳು, ಅವನ್ನು ಕಾಪಾಡಬೇಕು ಎನ್ನುತ್ತದೆ. ಕಾರು, ಮೋಟಾರ್ ಸೈಕಲ್ಲುಗಳ ಜೊತೆ ದುಡಿಮೆಯ ವಾಹನಗಳನ್ನೂ ಅದು ಸೇರಿಸಿಕೊಂಡಿದೆ. ಭಾರತದ ಒಕ್ಕೂಟವೂ ಫೀವಾದ ಸದಸ್ಯ. ವಿದೇಶದ ಮಾದರಿ ಎಂದರೆ ಮುಂದೆ ನಿಲ್ಲುವ ನಮ್ಮ ಕ್ಲಬ್‌ಗಳು ಈ ಒಂದು ವಿಷಯದಲ್ಲಿ ಮಾತ್ರ ಯಾಕೆ ಕಿವಿ ಮುಚ್ಚಿಕೊಂಡಿವೆ? ಉತ್ತರ ಸರಳ. ಮೂಲ ರೂಪದ ಕಾರಿಗೆ ಬೆಲೆ ಹೆಚ್ಚು. ಮಿಸ್ತ್ರಿಯ ಬುದ್ಧಿಗೆ ಹರಾಜಿನಲ್ಲಿ ಬೆಲೆಯಿಲ್ಲ.

ಹಳೆ ವಾಹನ ಹೊಗೆ ಕಾರುತ್ತದೆ, ತೊಲಗಲಿ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದಿನಾ ಕಪ್ಪು ಹೊಗೆ ಬಿಟ್ಟುಕೊಂಡು, ಬ್ರೇಕಿಲ್ಲದೆ, ಆಳು ಮೀರಿ ತುಂಬಿಕೊಂಡು ಓಡುವ ಗಾಡಿಯನ್ನು ನಿಲ್ಲಿಸಲೇಬೇಕು. 2021ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ಗುಜರಿ ನೀತಿ ವಾಣಿಜ್ಯ ವಾಹನಕ್ಕೆ 15, ಖಾಸಗಿ ವಾಹನಕ್ಕೆ 20 ವರ್ಷದ ಬಳಿಕ ಕಟ್ಟುನಿಟ್ಟಿನ ಫಿಟ್‌ನೆಸ್ ಪರೀಕ್ಷೆ ಕೇಳುತ್ತದೆ, ಪಾಸಾಗದ್ದು ಗುಜರಿಗೆ. ಇದರಲ್ಲಿ ಅನ್ಯಾಯವಿಲ್ಲ. ಅನ್ಯಾಯ ಇರುವುದು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವ ಮನಸ್ಸಿನಲ್ಲಿ. ವರ್ಷಕ್ಕೆ ಕೆಲವೇ ಬಾರಿ ರ‍್ಯಾಲಿಗೆ, ಜಾತ್ರೆಗೆ ಹೊರಡುವ, ಟ್ಯೂನಿಂಗ್ ಸರಿಯಿರುವ ಒಂದು ಪದ್ಮಿನಿಯಿಂದ ಊರಿನ ಗಾಳಿ ಕೆಡುವುದಿಲ್ಲ. ಅದನ್ನು ಕರಗಿಸಿ ಅದರ ಬದಲಿಗೆ ಹೊಸ ಕಾರು ಮಾಡಲು ಬೇಕಾಗುವ ಉಕ್ಕು, ಕಲ್ಲಿದ್ದಲು, ವಿದ್ಯುತ್ತಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಈ ವಾಹನಗಳಿಗೆ ಈಗ ನಿಜವಾದ ಕಂಟಕ ಬಂದಿರುವುದು ಪೆಟ್ರೋಲ್ ಬಂಕಿನಿಂದ. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದೆ. ಎಥನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್, ಕಾರ್ಬುರೇಟರಿನ ಡಯಾಫ್ರಮ್ ಮೆತ್ತಗಾಗುತ್ತವೆ. ನಮ್ಮ ಜಿಲ್ಲೆಗೆ ಇದು ಇಬ್ಬಗೆಯ ವಿಷಯ. ಸೊಲ್ಲಾಪುರ ಸಕ್ಕರೆ ಕಾರ್ಖಾನೆಗಳ ಜಿಲ್ಲೆ, ಆ ಎಥನಾಲಿನಲ್ಲಿ ನಮ್ಮ ಕಬ್ಬಿನ ಪಾಲೂ ಇದೆ. ಕಬ್ಬು ಬೆಳೆದವನಿಗೆ ನಾಲ್ಕು ಕಾಸು ಸಿಗುವುದನ್ನು ನಾನು ವಿರೋಧಿಸಲಾರೆ. ಆದರೆ ಹಳೆ ವಾಹನಕ್ಕೆ ಎಥನಾಲ್ ತಡೆಯುವ ಪೈಪು ಯಾವುದು, ಟ್ಯಾಂಕಿನ ಒಳಗೆ ಯಾವ ಲೇಪ ಹಚ್ಚಬೇಕು, ಕಾರ್ಬುರೇಟರಿನ ಜೆಟ್ ಎಷ್ಟು ಬದಲಿಸಬೇಕು ಎಂಬುದನ್ನು ಹಳ್ಳಿಯ ಮಿಸ್ತ್ರಿಗೆ ಕಲಿಸುವ ಒಂದು ಶಿಬಿರವನ್ನಾದರೂ ಕ್ಲಬ್‌ಗಳು ನಡೆಸಬೇಕಿತ್ತು. ಆ ಹೊತ್ತಿಗೆ ಅವರು ಪಂಚತಾರಾ ಹೋಟೆಲಿನ ಹುಲ್ಲುಹಾಸಿನ ಮೇಲೆ ಕಾರು ಸಾಲಾಗಿ ನಿಲ್ಲಿಸಿ ಬಹುಮಾನ ಹಂಚುತ್ತಿದ್ದರು.

ನಿಲ್ಲಿಸುವುದು ಎಂದೆ. ಅದೇ ನನ್ನ ಇನ್ನೊಂದು ತಕರಾರು. ಸಂಗ್ರಹಾಲಯಗಳ ಬಗ್ಗೆ ನನಗೆ ಗೌರವವಿದೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕಟ್ಟಿದ ಕಾರುಗಳ ಸಂಗ್ರಹ, ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಹೆಸರಿನ ಕಾರು ಮ್ಯೂಸಿಯಂ ಇಲ್ಲದಿದ್ದರೆ ಎಷ್ಟೋ ಗಾಡಿಗಳು ಕಣ್ಣಿಗೇ ಬೀಳುತ್ತಿರಲಿಲ್ಲ. ನಾಯ್ಡು ಅವರೂ ಅರಸರಲ್ಲ. 1920ರಲ್ಲಿ ಒಂದೇ ಬಸ್ಸಿನಿಂದ ಸಾರಿಗೆ ಶುರು ಮಾಡಿದವರು. ಆದರೆ ಕ್ಲಬ್ಬಿನ ಕೆಲಸ ಬೇರೆ, ಅದು ಗಾಡಿಗಳನ್ನು ಓಡಿಸುತ್ತಿರಬೇಕು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮನ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಹೊರಡುತ್ತವೆ. ಅವನ್ನು ಹೆಗಲಿನಿಂದ ಹೆಗಲಿಗೆ ಹೊತ್ತು ಊರು ತಿರುಗಿಸುವುದರಿಂದಲೇ ಹೊರುವ ವಿದ್ಯೆ ಉಳಿದಿದೆ. ಎಂಜಿನ್ನಿನದೂ ಹಾಗೆಯೇ. ಓಡಿದರೆ ಸೀಲು ಒಣಗುವುದಿಲ್ಲ, ಓಡಿಸುವವನಿಗೆ ಕಿವಿ ಮಂದವಾಗುವುದಿಲ್ಲ, ರಿಪೇರಿ ಮಾಡುವವನಿಗೆ ಕೆಲಸ ಇರುತ್ತದೆ. ಲಂಡನ್–ಬ್ರೈಟನ್ ಓಟದಲ್ಲಿ 1905ಕ್ಕಿಂತ ಹಳೆಯ ಕಾರುಗಳು ಇಂದಿಗೂ ಪ್ರತಿ ನವೆಂಬರ್‌ನಲ್ಲಿ ಮಳೆಯಲ್ಲಿ ನೆನೆದು, ದಾರಿಯಲ್ಲಿ ಕೆಟ್ಟು, ರಿಪೇರಿಯಾಗಿ ಮುಂದೆ ಸಾಗುತ್ತವೆ. ನಮ್ಮಲ್ಲೂ 1964ರಿಂದ ನಡೆದುಬಂದ ದಿಲ್ಲಿಯ ಸ್ಟೇಟ್ಸ್‌ಮನ್ ರ‍್ಯಾಲಿ ಕಾರುಗಳನ್ನು ರಸ್ತೆಗಿಳಿಸುತ್ತದೆ. ಟ್ರೇಲರ್ ಮೇಲೆ ಬಂದು ಟ್ರೇಲರ್ ಮೇಲೆ ಹೋಗುವ ಕಾರಿಗೆ ಪ್ರಶಸ್ತಿ ಕೊಡುವ ಚಾಳಿ ಮಾತ್ರ ನಿಲ್ಲಬೇಕು.

ಮೋಟಾರ್ ಕ್ರೀಡೆಯ ಬಗೆಗೂ ಇಂಥದೇ ಒಂದು ಕುರುಡು ನಂಬಿಕೆ ಇದೆ. ಮೋಟಾರ್ ಕ್ರೀಡೆ ಎಂದರೆ ವೇಗ, ವೇಗವೆಂದರೆ ದುಡ್ಡು, ಆದ್ದರಿಂದ ಹಳ್ಳಿಗೆ ಅದು ಸಲ್ಲದು ಎಂಬುದು. ವೇಗದ ಓಟಕ್ಕೆ ಟ್ರ್ಯಾಕು ಬೇಕು, ಲೈಸೆನ್ಸು ಬೇಕು, ನಿಜ. ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿಗೆ ಬಿದ್ದು ಗಾಡಿ ಓಡಿಸುವುದು ಕ್ರೀಡೆಯಲ್ಲ, ಅಪರಾಧ. ಆದರೆ ಟಿಎಸ್‌ಡಿ ರ‍್ಯಾಲಿಯ ನಿಯಮ ಬೇರೆ. ಟೈಮ್–ಸ್ಪೀಡ್–ಡಿಸ್ಟೆನ್ಸ್ ಎಂಬ ಹೆಸರೇ ಹೇಳುವಂತೆ ಇಷ್ಟು ದೂರವನ್ನು ಇಂತಿಷ್ಟೇ ಸರಾಸರಿ ವೇಗದಲ್ಲಿ ಮುಗಿಸಬೇಕು. ತಡವಾದರೂ ದಂಡ, ಮುಂಚೆ ಮುಟ್ಟಿದರೂ ದಂಡ. ಸಮಯ ನೋಡುವ ಠಾಣೆ ಎಲ್ಲಿದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಕೂತ ನ್ಯಾವಿಗೇಟರ್ ದಾರಿಪುಸ್ತಕ ಓದುತ್ತ, ಮೀಟರ್ ನೋಡುತ್ತ, ಲೆಕ್ಕ ಹಾಕುತ್ತಲೇ ಇರಬೇಕು. ಇಲ್ಲಿ ಗೆಲ್ಲುವುದು ಬುದ್ಧಿ ಮತ್ತು ಕೆಡದ ಎಂಜಿನ್ನು. ಗಂಟೆಗೆ 40 ಕಿಲೋಮೀಟರ್ ಓಡುವ ಜೀಪಿಗೆ ಇದಕ್ಕಿಂತ ತಕ್ಕ ಆಟ ಇನ್ನೊಂದಿಲ್ಲ. ವೇಗದ ಓಟವೂ ಬರೀ ದುಡ್ಡಿನದಲ್ಲ. ಮದ್ರಾಸಿನ ಹತ್ತಿರ ಶೋಲಾವರಂನ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಯುತ್ತಿದ್ದ ದಿನಗಳಲ್ಲಿ ದೇಶದ ರೇಸಿಂಗ್ ಬೆಳೆದದ್ದು ಗ್ಯಾರೇಜಿನಲ್ಲಿ ತಿದ್ದಿದ ಫಿಯೆಟ್, ಹೆರಾಲ್ಡ್ ಕಾರುಗಳಿಂದಲೂ ಹೌದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯರಾದರು, 2019ರಲ್ಲಿ ಅದೇ ಊರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಕನ್ನಡದ ಮಕ್ಕಳಿಗೆ ಈ ಕ್ರೀಡೆ ಒಗ್ಗದು ಎನ್ನುವ ಮಾತು ಇನ್ನು ಸಾಕು.

ನಮ್ಮ ಜಾತ್ರೆಗಳಿಗೆ ಬಂದು ನೋಡಿ. ಎತ್ತಿನ ಬಂಡಿ ಓಟದ ಪಕ್ಕದಲ್ಲೇ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ನಡೆಯುತ್ತದೆ. ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ಗೆರೆ ಬಿಡದೆ ಹಿಂದಕ್ಕೆ ಓಡಿಸುವುದು ಎಷ್ಟು ಕಷ್ಟ ಎಂಬುದು ಒಮ್ಮೆ ಸ್ಟೀರಿಂಗ್ ಹಿಡಿದವರಿಗೆ ಗೊತ್ತು. ಕತ್ತು ತಿರುಗಿಸಿ ಕೂತು, ಎಡಕ್ಕೆ ಹೋಗಬೇಕಾದಾಗ ಬಲಕ್ಕೆ ತಿರುಗಿಸುವ ಆ ಹುಡುಗರ ಕೈಯ ನಿಖರತೆಗೆ ಸಾವಿರಾರು ಜನ ಸಿಳ್ಳೆ ಹೊಡೆಯುತ್ತಾರೆ. ಇದು ಮೋಟಾರ್ ಕ್ರೀಡೆಯಲ್ಲದೆ ಇನ್ನೇನು? ಇದಕ್ಕೆ ಹೆಲ್ಮೆಟ್ಟು, ತಡೆಬೇಲಿ, ಆಂಬುಲೆನ್ಸು, ಒಂದು ನಿಯಮಪುಸ್ತಕ ಕೊಡುವುದನ್ನು ಬಿಟ್ಟು, ಹಳ್ಳಿಯವರ ಹುಚ್ಚಾಟ ಎಂದು ನಗರದ ಕ್ಲಬ್ಬುಗಳು ಮೂಗು ಮುರಿಯುತ್ತವೆ. ಬಂಡಿ ಓಟಕ್ಕೂ ಇದೇ ಗತಿ ಬಂದಿತ್ತು. ಅದಕ್ಕಾಗಿ ರಾಜ್ಯಗಳು ಮಾಡಿದ ಕಾನೂನುಗಳನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಮೇಲೆ ನಿಯಮಗಳ ಚೌಕಟ್ಟಿನಲ್ಲಿ ಅದು ನಡೆಯುತ್ತಿದೆ. ಟ್ರ್ಯಾಕ್ಟರಿಗೆ ಅಂಥದೊಂದು ಚೌಕಟ್ಟು ಕಟ್ಟುವುದು ಮೋಟಾರು ಬಲ್ಲವರಿಂದ ಮಾತ್ರ ಸಾಧ್ಯ.

ಕ್ಲಬ್ಬಿನ ಮುಂದಾಳು ಎಂದರೆ ಅತಿ ದುಬಾರಿ ಕಾರು ಉಳ್ಳವನು ಎಂಬ ವಾಡಿಕೆ ಹೋಗಬೇಕು. ಮುಂದಾಳಿನ ಕೆಲಸ ಕಾಗದದ್ದು, ಕಾಲಿನದ್ದು. ತಾತನ ಹೆಸರಿನಲ್ಲೇ ಉಳಿದ ಆರ್‌ಸಿ ಪುಸ್ತಕವನ್ನು ಮೊಮ್ಮಗನ ಹೆಸರಿಗೆ ಮಾಡಿಸಲು ಆರ್‌ಟಿಒ ಕಚೇರಿಗೆ ಜೊತೆಯಲ್ಲಿ ಹೋಗುವುದು. ಕಲಬುರಗಿಯ ಕೆಎ 32 ಗಾಡಿಯನ್ನು ಕೊಂಡ ಸೊಲ್ಲಾಪುರದವನಿಗೆ, ಇಲ್ಲಿನ ಎಂಎಚ್ 13 ಗಾಡಿಯನ್ನು ಕೊಂಡ ಆಳಂದದವನಿಗೆ ಎನ್‌ಒಸಿ ಕೊಡಿಸುವುದು. ಗಡಿಯವರಾದ ನಮಗೆ ಈ ಕಷ್ಟ ಎರಡು ಪಟ್ಟು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಗಾಡಿಯ ಕಾಗದ ಇನ್ನೊಂದು ರಾಜ್ಯದ್ದು. ಕೂಡಿ ಮಾಡಿದರೆ ಹಗುರಾಗುವ ಕೆಲಸವಿದು. ಹಳೆ ಮಿಸ್ತ್ರಿಗಳ ಪಟ್ಟಿ ಮಾಡಿ, ಯಾರಿಗೆ ಕಾರ್ಬುರೇಟರ್ ಗೊತ್ತು, ಯಾರಿಗೆ ಡೈನಮೊ ಸುತ್ತಲು ಬರುತ್ತದೆ, ಕಿಂಗ್‌ಪಿನ್ ಬುಷ್ ಯಾರ ಲೇತಿನಲ್ಲಿ ಸರಿಯಾಗುತ್ತದೆ ಎಂದು ಬರೆದಿಡುವುದು, ಅವರ ಪಕ್ಕದಲ್ಲಿ ಐಟಿಐ ಹುಡುಗರನ್ನು ಕೂರಿಸುವುದು. ಇಂದಿನ ಗ್ಯಾರೇಜಿನ ಹುಡುಗನಿಗೆ ಸ್ಕ್ಯಾನರ್ ಹಚ್ಚಿ ಕೋಡ್ ಓದಲು ಬರುತ್ತದೆ. ಹಳೆ ಎಂಜಿನ್ನಿನ ಪಾಯಿಂಟ್ ಗ್ಯಾಪ್ ಇಡಲು ಬರುವುದಿಲ್ಲ. ಅದು ಅವನ ತಪ್ಪಲ್ಲ, ಕಲಿಸುವವರು ಕೈ ಬಿಟ್ಟಿದ್ದಾರೆ.

ಸೊಲ್ಲಾಪುರದ ಗೆಳೆಯರಿಗೆ, ಕಲಬುರಗಿ, ವಿಜಯಪುರದ ಗೆಳೆಯರಿಗೆ ನನ್ನ ವಿನಂತಿ ಇಷ್ಟು. ಹಳೆಯ ರಾಷ್ಟ್ರೀಯ ಹೆದ್ದಾರಿ 13 ಸೊಲ್ಲಾಪುರದಲ್ಲಿ ಹೊರಟು ವಿಜಯಪುರ, ಚಿತ್ರದುರ್ಗ ದಾಟಿ ಮಂಗಳೂರಿನಲ್ಲಿ ಮುಗಿಯುತ್ತಿತ್ತು. ಆ ದಾರಿಯಲ್ಲಿ ಒಂದು ಟಿಎಸ್‌ಡಿ ರ‍್ಯಾಲಿ ಮಾಡೋಣ. ಪದ್ಮಿನಿ ಬರಲಿ, ಜಾವಾ ಬರಲಿ, ಡೀಸೆಲ್ ಎಂಜಿನ್ ಕೂರಿಸಿದ ಜೀಪಿಗೆ ಅದರದೇ ಒಂದು ವಿಭಾಗ ಇರಲಿ. ಹೊರಡುವ ಹಿಂದಿನ ದಿನ ಯಾವುದಾದರೂ ಹಳ್ಳಿಯ ಬಯಲಿನಲ್ಲಿ ಟ್ರ್ಯಾಕ್ಟರ್ ಸ್ಪರ್ಧೆ ನಡೆಯಲಿ. ಲಾರಿ, ಟ್ರ್ಯಾಕ್ಟರುಗಳನ್ನೂ ವಿಂಟೇಜ್ ನೋಂದಣಿಗೆ ಸೇರಿಸಿ, ಬಳಕೆಯ ಕಾಲದಲ್ಲಿ ಆದ ಬದಲಾವಣೆಗಳನ್ನು ಒಪ್ಪಿಕೊಳ್ಳಿ ಎಂದು ಎಲ್ಲ ಕ್ಲಬ್‌ಗಳೂ ಸೇರಿ ಸಾರಿಗೆ ಸಚಿವಾಲಯಕ್ಕೆ ಬರೆಯೋಣ. ಮತ್ತು ಪ್ರತಿ ಗಾಡಿಯ ಮುಂದೆ ಇಡುವ ಫಲಕದಲ್ಲಿ ಮಾಡೆಲ್, ವರ್ಷ, ಮಾಲೀಕರ ಹೆಸರು ಬರೆದ ಮೇಲೆ ಕೆಳಗೆ ಇನ್ನೊಂದು ಸಾಲು ಬಿಡಿ, ಅದನ್ನು ಓಡುವ ಹಾಗೆ ಇಟ್ಟ ಮಿಸ್ತ್ರಿಯ ಹೆಸರಿಗೆ.